6 ವೋಲ್ಟ್ ಬೀಟಲ್‌ಗೆ 1600 ಎಂಜಿನ್: ಬೋಲ್ಟ್ ನಾಲ್ಕೇ, ಕೆಲಸ ಇರುವುದು ಬೇರೆ ಕಡೆ

ಪ್ರಶ್ನೆ: ನನ್ನಲ್ಲಿ 1964ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. 1200 ಸಿಸಿ, 6 ವೋಲ್ಟ್. ಎಂಜಿನ್‌ನ ಕೇಸ್ ಸೀಳಿ ಆಯಿಲ್ ಸೋರುತ್ತಿದೆ, ಬೆಸುಗೆ ಹಾಕಿಸಿದರೂ ನಿಲ್ಲುತ್ತಿಲ್ಲ. 1972ರ ಬೀಟಲ್‌ನಿಂದ ಬಿಚ್ಚಿದ 1600 ಸಿಸಿ ಎಂಜಿನ್ ಒಂದು ಸಿಕ್ಕಿದೆ. ‘ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಕಟ್ಟಿದರೆ ಮುಗೀತು’ ಎನ್ನುತ್ತಾರೆ. ಅಷ್ಟು ಸುಲಭವೇ? ಏನೇನು ಬದಲಿಸಬೇಕು, ಎಲ್ಲಿ ಎಡವಬಹುದು?

ಉತ್ತರ: ನಾಲ್ಕು ಬೋಲ್ಟ್‌ನ ಮಾತು ಸುಳ್ಳಲ್ಲ. ಎಂಜಿನ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿರುವುದು ನಾಲ್ಕೇ ಕಡೆ, ಎಲ್ಲಕ್ಕೂ 17ರ ಸ್ಪಾನರ್ ಸಾಕು. 1200 ಕೂತ ಜಾಗದಲ್ಲೇ 1600 ಕೂರುತ್ತದೆ, ತೂತುಗಳೂ ಒಂದೇ. ಆದರೆ ಆ ನಾಲ್ಕು ಬೋಲ್ಟ್‌ಗಳ ನಡುವೆ ಇರುವ ಫ್ಲೈವೀಲ್ (ಕ್ರ್ಯಾಂಕ್ ತುದಿಯ ಭಾರದ ಚಕ್ರ), ಕ್ಲಚ್, ಸ್ಟಾರ್ಟರ್‌ಗಳು ನಿಮ್ಮ ಕಾರಿನಲ್ಲಿ ಒಂದು ಕಾಲದವು, ಆ ಎಂಜಿನ್‌ನಲ್ಲಿ ಇನ್ನೊಂದು ಕಾಲದವು. ಎಂಜಿನ್ ಸುತ್ತಲಿನ ತಗಡುಗಳದ್ದೂ ಅದೇ ಕತೆ. ಈ ಎರಡು ಕಡೆ ಸರಿಮಾಡಿಕೊಂಡರೆ ಉಳಿದದ್ದು ಎರಡು ದಿನದ ಕೆಲಸ.

ಮೊದಲು ಸಿಕ್ಕಿರುವ ಎಂಜಿನ್ ಏನೆಂದು ಗುರುತಿಸಿ. ಡೈನಮೋ ಸ್ಟ್ಯಾಂಡ್‌ನ ಬುಡದಲ್ಲಿ, ಕೇಸ್‌ನ ಮೇಲೆ ನಂಬರ್ ಕೊರೆದಿರುತ್ತದೆ. ಮುಂದಿರುವ ಅಕ್ಷರವೇ ಜಾತಕ: ಡಿ ಇದ್ದರೆ 1200, ಎಫ್ ಇದ್ದರೆ 1300, ಎಚ್ ಇದ್ದರೆ 1500, ಎಡಿ ಅಥವಾ ಎಇ ಇದ್ದರೆ ಪ್ರತಿ ಹೆಡ್‌ಗೆ ಎರಡು ಇನ್‌ಟೇಕ್ ಬಾಯಿರುವ 1600. ಇದರ ಸರಿಯಾದ ಅಳತೆ 1584 ಸಿಸಿ, ಬೋರ್ 85.5 ಮಿ.ಮೀ., ಸ್ಟ್ರೋಕ್ 69 ಮಿ.ಮೀ. ನಿಮ್ಮ ಹಳೆಯದು 1192 ಸಿಸಿ, 34 ಅಶ್ವಶಕ್ತಿ. ಎಡಿ 50 ಕೊಡುತ್ತದೆ. ಎಂಜಿನ್ ನಂಬರ್ ಬದಲಾಗುವುದರಿಂದ ನೋಂದಣಿ ದಾಖಲೆಯಲ್ಲೂ ಅದನ್ನು ಬದಲಿಸಿಕೊಳ್ಳಬೇಕು. ಹಳೆಯ ಎಂಜಿನ್ ಅನ್ನು ಗುಜರಿಗೆ ಹಾಕಬೇಡಿ. ಕಾರಿನ ಮೂಲ ಎಂಜಿನ್ ನಂಬರ್ ಇರುವುದು ಅದರ ಮೇಲೆಯೇ.

ಕಾರಿಗೆ ಹಾಕುವ ಮೊದಲೇ ಮಾಡಬೇಕಾದ ಪರೀಕ್ಷೆ ಒಂದಿದೆ, ಸಲಕರಣೆಯೂ ಬೇಡ. ಹಿಂಬದಿಯ ಕ್ರ್ಯಾಂಕ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಒತ್ತಿ, ಹೊರಕ್ಕೆ ಎಳೆಯಿರಿ. ‘ಟಕ್ ಟಕ್’ ಎಂದು ಆಡಿದರೆ ಎಂಡ್ ಪ್ಲೇ, ಅಂದರೆ ಕ್ರ್ಯಾಂಕ್ ಉದ್ದಕ್ಕೆ ಹಿಂದೆ ಮುಂದೆ ಸರಿಯುವ ಆಟ, ಮಿತಿ ಮೀರಿದೆ. ಇರಬೇಕಾದ್ದು 0.07ರಿಂದ 0.13 ಮಿ.ಮೀ., ಸವೆತದ ಮಿತಿ 0.15. ಅಷ್ಟು ಸಣ್ಣ ಆಟ ಕೈಗೆ ಗೊತ್ತಾಗುವುದಿಲ್ಲ. ಕೈಗೆ ಗೊತ್ತಾಯಿತು ಎಂದರೆ ಅದು ಹದ ತಪ್ಪಿದೆ ಎಂದೇ ಅರ್ಥ. ಬರೀ ಷಿಮ್‌ನದ್ದಾದರೆ (ಈ ಆಟವನ್ನು ಹದಕ್ಕೆ ತರುವ ತೆಳು ಬಳೆ) ಸರಿಪಡಿಸಬಹುದು. ಪುಲ್ಲಿ ಮೇಲೆ ಕೆಳಗೂ ಆಡಿದರೆ ಬೇರಿಂಗ್ ಕೂರುವ ಕೇಸ್‌ನ ರಂಧ್ರವೇ ಸವೆದಿದೆ, ಅಂಥ ಎಂಜಿನ್ ಪೂರ್ತಿ ಬಿಚ್ಚದೆ ಹಾಕುವಂತಿಲ್ಲ. ಫ್ಲೈವೀಲ್ ತೆಗೆದ ಮೇಲೆ 3ನೇ ಸಿಲಿಂಡರ್‌ನ ಹಿಂಬದಿಯಲ್ಲಿ ಕೇಸ್ ಸೀಳಿದೆಯೇ ನೋಡಿ, ಮೆಗ್ನೀಸಿಯಂ ಕೇಸ್ ಬಿರುಕು ಬಿಡುವ ನೆಚ್ಚಿನ ಜಾಗ ಅದು. ಕಂಪ್ರೆಶನ್ ನಾಲ್ಕರಲ್ಲೂ 100ರಿಂದ 140 ಪಿಎಸ್‌ಐ ಒಳಗೆ, ಒಂದಕ್ಕೊಂದು ಹತ್ತಿರ ಇದ್ದರೆ ಮುಂದುವರಿಯಿರಿ.

ಈಗ ಫ್ಲೈವೀಲ್. 6 ವೋಲ್ಟ್ ಬೀಟಲ್‌ನಲ್ಲಿ ಅದರ ಅಂಚಿನ ಹಲ್ಲಿನ ಬಳೆಗೆ (ರಿಂಗ್ ಗೇರ್) 109 ಹಲ್ಲು, ಕ್ಲಚ್ 180 ಮಿ.ಮೀ. 12 ವೋಲ್ಟ್ ಕಾಲದ್ದಕ್ಕೆ 130 ಹಲ್ಲು, ಕ್ಲಚ್ 200 ಮಿ.ಮೀ. ದೊಡ್ಡ ಫ್ಲೈವೀಲ್ ನಿಮ್ಮ ಗೇರ್‌ಬಾಕ್ಸ್‌ನ ಬೆಲ್‌ಹೌಸಿಂಗ್ (ಫ್ಲೈವೀಲ್ ಮುಚ್ಚುವ ಗಂಟೆಯಾಕಾರದ ಭಾಗ) ಒಳಗೆ ತಿರುಗಲು ಜಾಗ ಸಾಲದು. ಸ್ಟಾರ್ಟರ್‌ನ ಪಿನಿಯನ್ ಕೂಡ ಅದರ ಹಲ್ಲಿಗೆ ಹೊಂದುವುದಿಲ್ಲ. ‘ಹಾಗಾದರೆ ನನ್ನ 1200ರ ಫ್ಲೈವೀಲ್ ಬಿಚ್ಚಿ 1600ಕ್ಕೆ ಹಾಕುತ್ತೇನೆ’ ಎಂದು ಹೊರಡುವವರೇ ಹೆಚ್ಚು, ಅದೂ ಆಗದು. 1200ರ ಫ್ಲೈವೀಲ್ ಮತ್ತು ಕ್ರ್ಯಾಂಕ್ ನಡುವೆ ಇರುವುದು ಗ್ಯಾಸ್ಕೆಟ್. 1600ರಲ್ಲಿ ಓ-ರಿಂಗ್, ಕ್ರ್ಯಾಂಕ್ ಕೂರುವ ಆಳವೂ ಬೇರೆ. ಲೇತ್ ಕೆಲಸವಿಲ್ಲದೆ ಕೂರಿಸಿದರೆ ಎಂಡ್ ಪ್ಲೇ ಸಿಗುವುದಿಲ್ಲ, ಆಯಿಲ್ ಕ್ಲಚ್ ಮೇಲೆ ಬರುತ್ತದೆ.

ದಾರಿ ಎರಡಿವೆ. ಒಂದು, 1966ರ 6 ವೋಲ್ಟ್ 1300 ಬೀಟಲ್‌ನ ಫ್ಲೈವೀಲ್ ಹುಡುಕುವುದು. ಅದಕ್ಕೂ 109 ಹಲ್ಲೇ, ಆದರೆ ಓ-ರಿಂಗ್ ಕೂರುವ ತೋಡು ಇದೆ, 1600 ಕ್ರ್ಯಾಂಕ್‌ಗೆ ನೇರವಾಗಿ ಕೂರುತ್ತದೆ. ನಿಮ್ಮ ಗೇರ್‌ಬಾಕ್ಸ್, ಸ್ಟಾರ್ಟರ್ ಯಾವುದನ್ನೂ ಮುಟ್ಟಬೇಕಾಗಿಲ್ಲ. 180 ಮಿ.ಮೀ. ಕ್ಲಚ್ 50 ಅಶ್ವಶಕ್ತಿಗೆ ಸ್ವಲ್ಪ ಬಡಪಾಯಿ. ಪ್ಲೇಟ್ ಹೊಸದಿದ್ದು, ಏರಿನಲ್ಲಿ ಕ್ಲಚ್ ಮೇಲೆ ಕಾಲಿಟ್ಟು ನಿಲ್ಲಿಸುವ ಚಾಳಿ ಇಲ್ಲದಿದ್ದರೆ ನಡೆಯುತ್ತದೆ.

ಎರಡು, 130 ಹಲ್ಲಿನದನ್ನೇ ಇಟ್ಟುಕೊಂಡು ಬೆಲ್‌ಹೌಸಿಂಗ್ ಒಳಗೆ ತಿಕ್ಕುವುದು. ರಿಂಗ್ ಗೇರ್‌ನ ಅಂಚಿಗೆ ಮಾರ್ಕರ್ ಬಳಿದು ಎಂಜಿನ್ ಗೇರ್‌ಬಾಕ್ಸ್‌ಗೆ ಜೋಡಿಸಿ ನೋಡಿ, ಎಲ್ಲಿ ತಾಗಿದ ಗುರುತು ಬೀಳುತ್ತದೋ ಅಲ್ಲಿ ಗ್ರೈಂಡರ್‌ನಿಂದ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಸುತ್ತಲೂ ಕನಿಷ್ಠ 2 ಮಿ.ಮೀ. ಬಿಡುವು ಬರಬೇಕು. ಇನ್‌ಪುಟ್ ಶಾಫ್ಟ್‌ನ ಸೀಲ್ ಮತ್ತು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಜಾಗಕ್ಕೆ ಬಟ್ಟೆ, ಟೇಪ್ ಸುತ್ತಿ, ಇಲ್ಲವಾದರೆ ಲೋಹದ ಪುಡಿ ಸೀಲ್ ತಿನ್ನುತ್ತದೆ. ಈ ದಾರಿ ಹಿಡಿದರೆ 12 ವೋಲ್ಟ್ ಸ್ಟಾರ್ಟರ್ ಬೇಕು. ಅದರ ಶಾಫ್ಟ್ ತುದಿ ಸಣ್ಣದು, ನಿಮ್ಮ ಗೇರ್‌ಬಾಕ್ಸ್‌ನಲ್ಲಿರುವ ಬುಷ್‌ನ ರಂಧ್ರ ದೊಡ್ಡದು. ಹಳೆಯ ಬುಷ್ ಕಿತ್ತು, ಹೊರ ಅಳತೆ ಅದೇ ಇದ್ದು ಒಳ ಅಳತೆ ಕಡಿಮೆ ಇರುವ ಬದಲಿ ಬುಷ್ ಹಾಕಿ. ಹಾಕದೆ ಬಿಟ್ಟರೂ ಸ್ಟಾರ್ಟರ್ ಒಂದೆರಡು ದಿನ ತಿರುಗುತ್ತದೆ, ಆಮೇಲೆ ಆರ್ಮೇಚರ್ ಒಳಗೇ ಉಜ್ಜಿಕೊಂಡು ‘ಗರ್ರ್’ ಎನ್ನಲು ಶುರುಮಾಡುತ್ತದೆ. ಗೇರ್‌ಬಾಕ್ಸ್ ಹೇಗೂ ಕೆಳಗಿಳಿಸುವವರಿಗೆ ಇದು ಒಳ್ಳೆಯ ದಾರಿ. ಇಳಿಸದವರಿಗೆ ಮೊದಲನೆಯದೇ ವಾಸಿ.

ಕ್ಲಚ್‌ನಲ್ಲಿ ಇನ್ನೊಂದು ಗುಂಡಿ ಇದೆ, ತಿಳಿದವರೂ ಬೀಳುವಂಥದ್ದು. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ರಿಲೀಸ್ ಬೇರಿಂಗ್ ಫೋರ್ಕ್‌ಗೆ ಕ್ಲಿಪ್‌ನಿಂದ ಸಿಕ್ಕಿಕೊಂಡು ತೂಗುತ್ತದೆ. ಅದಕ್ಕೆ ಪ್ರೆಶರ್ ಪ್ಲೇಟ್‌ನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ನಡುವೆ ಉಕ್ಕಿನ ಬಳೆ ಇರಲೇಬೇಕು. 1971ರಿಂದ ಈಚಿನವುಗಳಲ್ಲಿ ಬೇರಿಂಗ್ ಒಂದು ಕೊಳವೆಯ ಮೇಲೆ ಜಾರುತ್ತದೆ, ಪ್ರೆಶರ್ ಪ್ಲೇಟ್‌ನಲ್ಲಿ ಬಳೆ ಇರುವುದಿಲ್ಲ. ನಿಮಗೆ ಸಿಕ್ಕ 1972ರ ಎಂಜಿನ್ ಜೊತೆ ಬಂದಿರುವುದು ಬಳೆಯಿಲ್ಲದ್ದು. ಅದನ್ನೇ ಹಾಕಿದರೆ ತೂಗುವ ಬೇರಿಂಗ್ ಬೆರಳುಗಳ ಮೇಲೆ ನೇರವಾಗಿ, ಅದೂ ಓರೆಯಾಗಿ ಒತ್ತಿ ಬೇಗ ಹಾಳಾಗುತ್ತದೆ. ಎಂಜಿನ್ ಮತ್ತೆ ಇಳಿಸುವ ಕೆಲಸ ತಪ್ಪಿದ್ದಲ್ಲ. ನಿಮ್ಮ ಫ್ಲೈವೀಲ್‌ನ ಅಳತೆಯ, ಬಳೆಯಿರುವ ಪ್ರೆಶರ್ ಪ್ಲೇಟ್ ತನ್ನಿ, ರಿಲೀಸ್ ಬೇರಿಂಗ್ ಹೊಸದು ಹಾಕಿ.

ಫ್ಲೈವೀಲ್ ಕೂರಿಸುವಾಗ ಎಂಡ್ ಪ್ಲೇ ಅಳೆಯದೆ ಬಿಡಬೇಡಿ. ಫ್ಲೈವೀಲ್ ಬದಲಾಯಿತೆಂದರೆ ಹಳೆಯ ಷಿಮ್‌ಗಳ ಲೆಕ್ಕವೂ ಹೋಯಿತು. ಸೀಲ್, ಓ-ರಿಂಗ್ ಹಾಕದೆ, ಎರಡೇ ಷಿಮ್ ಇಟ್ಟು ಫ್ಲೈವೀಲ್ ಬಿಗಿಮಾಡಿ, ಡಯಲ್ ಗೇಜ್ ಇಟ್ಟು ಒಳಕ್ಕೂ ಹೊರಕ್ಕೂ ತಳ್ಳಿ ಅಳೆಯಿರಿ. 0.44 ಬಂತೆನ್ನಿ, ಅದರಲ್ಲಿ 0.10 ಕಳೆದು 0.34ರ ಮೂರನೇ ಷಿಮ್ ಹಾಕಬೇಕು. ಷಿಮ್ ಮೂರೇ ಇರಬೇಕು. ದಪ್ಪನೆಯವು ಎರಡು, ತೆಳ್ಳನೆಯವು ನಾಲ್ಕು ಎಂದು ಲೆಕ್ಕ ಹೊಂದಿಸಬಾರದು. ಆಮೇಲೆ ಬಿಚ್ಚಿ, ಮೂರೂ ಷಿಮ್‌ಗೆ ಆಯಿಲ್ ಸವರಿ ಒಳಗಿಟ್ಟು, ಹೊಸ ಸೀಲ್ ಅನ್ನು ಸುತ್ತಲೂ ಸಮವಾಗಿ ಒತ್ತಿ, ಫ್ಲೈವೀಲ್‌ನ ತೋಡಿಗೆ ಹೊಸ ಓ-ರಿಂಗ್ ಕೂರಿಸಿ. ಸೀಲ್ ಓರೆಯಾಗಿ ಕೂತರೆ ಮೊದಲ ದಿನವೇ ಸೋರುತ್ತದೆ.

ಫ್ಲೈವೀಲ್ ಹಿಡಿದಿಡುವ ನಡುವಿನ ಗ್ಲ್ಯಾಂಡ್ ನಟ್‌ನ ಅಳತೆ 36 ಮಿ.ಮೀ., ಬಿಗಿ 343 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ 35 ಕಿಲೋ ಭಾರ ಹಾಕಿದಷ್ಟು. ಸಾಧಾರಣ ಟಾರ್ಕ್ ವ್ರೆಂಚ್ ಅಲ್ಲಿಗೆ ಮುಟ್ಟುವುದಿಲ್ಲ, ಆದ್ದರಿಂದ ಪೈಪಿನ ಲೆಕ್ಕವೇ ಅನುಕೂಲ. ಇಲ್ಲಿ ಅಂದಾಜು ಮಾಡಿ ಬಿಟ್ಟರೆ ಡೋವೆಲ್ ಪಿನ್‌ಗಳ ರಂಧ್ರ ಅಗಲವಾಗಿ ಫ್ಲೈವೀಲ್ ಸಡಿಲಗೊಳ್ಳುತ್ತದೆ, ಕ್ರ್ಯಾಂಕ್ ಕೂಡ ಅದರ ಜೊತೆ ಹೋಗುತ್ತದೆ. ಅದೇ ನಟ್‌ನ ಒಳಗೆ ಸೂಜಿ ಬೇರಿಂಗ್ ಇದೆ, ಗೇರ್‌ಬಾಕ್ಸ್ ಶಾಫ್ಟ್‌ನ ತುದಿ ತಿರುಗುವುದು ಅದರಲ್ಲಿ. ಗುಲಗಂಜಿಯಷ್ಟು ಗ್ರೀಸ್ ಸಾಕು, ಹೆಚ್ಚಾದದ್ದು ಕ್ಲಚ್ ಪ್ಲೇಟಿಗೆ ಚಿಮ್ಮುತ್ತದೆ. ಪ್ರೆಶರ್ ಪ್ಲೇಟ್‌ನ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪ ಬಿಗಿಮಾಡುತ್ತಾ 25 ನ್ಯೂಟನ್ ಮೀಟರ್‌ಗೆ ತನ್ನಿ. ಪ್ಲೇಟ್ ನಡುವಿಗೆ ಬರಲು ಅಲೈನ್‌ಮೆಂಟ್ ಟೂಲ್ ಬಳಸಿ, ಕಣ್ಣಂದಾಜು ಕೈಕೊಡುತ್ತದೆ.

ವಿದ್ಯುತ್ ವಿಷಯದಲ್ಲಿ ನನ್ನ ಸಲಹೆ 12 ವೋಲ್ಟ್‌ಗೆ ಹೋಗಿ ಎಂದೇ. 6ರಲ್ಲೇ ಉಳಿಯುವುದಾದರೆ ಕಾಯಿಲ್, ಕಾರ್ಬುರೇಟರ್‌ನ ಆಟೋ ಚೋಕ್, ಐಡಲ್ ಕಟ್-ಆಫ್ ಸೊಲೆನಾಯ್ಡ್ ಮೂರನ್ನೂ 6 ವೋಲ್ಟ್‌ನವು ಹುಡುಕಬೇಕು. ಡೈನಮೋ ತೊಂದರೆ ಅದಕ್ಕಿಂತ ದೊಡ್ಡದು. 6 ವೋಲ್ಟ್‌ನದ್ದು 90 ಮಿ.ಮೀ. ದಪ್ಪ, 12ರದ್ದು 105, ಸ್ಟ್ಯಾಂಡ್, ಪಟ್ಟಿ, ಫ್ಯಾನ್ ಹಿಂದಿನ ಪ್ಲೇಟ್ ಎಲ್ಲವೂ ಆಯಾ ದಪ್ಪಕ್ಕೇ ಮಾಡಿದವು. 12ಕ್ಕೆ ಹೋದರೆ ಬಲ್ಬ್‌ಗಳು, ಫ್ಲಾಷರ್ ರಿಲೇ, ಬ್ಯಾಟರಿ ಬದಲಾಗುತ್ತವೆ, ವೈಪರ್ ಮೋಟಾರ್‌ಗೆ ವೋಲ್ಟ್ ಇಳಿಸುವ ರೆಸಿಸ್ಟರ್ ಅಥವಾ 12ರ ಮೋಟಾರ್ ಬೇಕು. ಪೆಟ್ರೋಲ್ ಗೇಜ್ ಬಗ್ಗೆ ಚಿಂತೆ ಬೇಡ, ನಿಮ್ಮ ವರ್ಷದ್ದು ತಂತಿ ಎಳೆಯುವ ಯಾಂತ್ರಿಕ ಗೇಜ್. 109 ಹಲ್ಲಿನ ದಾರಿ ಹಿಡಿದವರು 6 ವೋಲ್ಟ್ ಸ್ಟಾರ್ಟರ್ ಅನ್ನೇ 12ರಲ್ಲಿ ಓಡಿಸುವುದು ವಾಡಿಕೆ. ಚುರುಕಾಗಿ ತಿರುಗುತ್ತದೆ, ಸೆಕೆಂಡುಗಟ್ಟಲೆ ಒತ್ತಿ ಹಿಡಿಯಬಾರದು ಅಷ್ಟೇ.

ನಿಮ್ಮ ಹಳೆಯ ರೆಗ್ಯುಲೇಟರ್ ಡೈನಮೋ ಮೇಲೇ ಕೂತಿದೆ, 12 ವೋಲ್ಟ್‌ನದು ಹಿಂದಿನ ಸೀಟಿನ ಕೆಳಗಿರುವ ಮಾದರಿ. ಅಲ್ಲಿಂದ ಡೈನಮೋಗೆ ಎರಡು ಹೊಸ ವೈರ್ ಎಳೆಯಬೇಕಾಗುತ್ತದೆ. ಸಿಕ್ಕ ಡೈನಮೋ ಸರಿಯಿದೆಯೇ ಎಂದು ಮೊದಲೇ ತಿಳಿಯಲು: ರೆಗ್ಯುಲೇಟರ್ ಜೋಡಿಸದೆ, ಬೆಲ್ಟ್ ತೆಗೆದು, ಡಿಎಫ್ ತುದಿಯನ್ನು ಡೈನಮೋದ ಹೊರಮೈಗೆ ಮುಟ್ಟಿಸಿ, ಡಿ-ಪ್ಲಸ್‌ಗೆ ಬ್ಯಾಟರಿಯ ಪ್ಲಸ್ ಕೊಡಿ. ಒಳ್ಳೆಯ ಡೈನಮೋ ಮೋಟಾರಿನಂತೆ ನಿಧಾನವಾಗಿ ತಿರುಗುತ್ತದೆ. ತಿರುಗದಿದ್ದರೆ ಕಾರಿಗೆ ಹಾಕಿ ನೋಡುವ ಅಗತ್ಯವೇ ಇಲ್ಲ.

ಇನ್ನು ತಗಡು. ಗಾಳಿಯಿಂದ ತಣಿಯುವ ಎಂಜಿನ್‌ಗೆ ರೇಡಿಯೇಟರ್ ಎಂದರೆ ಈ ತಗಡುಗಳೇ. ಎಂಜಿನ್ ಕೋಣೆಯ ಮೇಲ್ಭಾಗದಲ್ಲಿ ತಣ್ಣನೆಯ ಗಾಳಿ, ಕೆಳಗೆ ಎಕ್ಸಾಸ್ಟ್‌ನ ಬಿಸಿಗಾಳಿ. ಎರಡರ ನಡುವಿನ ಗೋಡೆ ತಗಡು ಮತ್ತು ಅಂಚಿನ ರಬ್ಬರ್. ಎಲ್ಲೋ ಒಂದು ತುಂಡು ಬಿಟ್ಟರೆ, ರಬ್ಬರ್ ಹರಿದಿದ್ದರೆ, ಫ್ಯಾನ್ ತಾನು ಉಗುಳಿದ ಬಿಸಿಯನ್ನೇ ಮತ್ತೆ ನುಂಗುತ್ತದೆ. ಬದಲಿ ಎಂಜಿನ್ ಹಾಕಿದ ಮೇಲೆ ‘ಬಿಸಿ ಹೆಚ್ಚು’ ಎಂದು ಬರುವ ದೂರುಗಳಲ್ಲಿ ಕಾರ್ಬುರೇಟರ್ ಬಿಚ್ಚಿ ನೋಡುವ ಮೊದಲು ಇಲ್ಲಿ ನೋಡಬೇಕು.

1972ರ ಎಂಜಿನ್‌ನಲ್ಲಿ ಆಯಿಲ್ ಕೂಲರ್ ಫ್ಯಾನ್ ಕವಚದ ಹೊರಗೆ, ತನ್ನದೇ ಗೂಡಿನಲ್ಲಿದೆ. ಹಳೆಯದರಲ್ಲಿ ಅದು ಕವಚದ ಒಳಗೇ ಇದ್ದು, ಅದನ್ನು ದಾಟಿದ ಬೆಚ್ಚನೆಯ ಗಾಳಿ 3ನೇ ಸಿಲಿಂಡರ್‌ಗೆ ಹೋಗುತ್ತಿತ್ತು. ಆದ್ದರಿಂದ ಹೊಸ ಮಾದರಿಯ ಕವಚ, ಅಗಲವಾದ ಫ್ಯಾನ್, ಗೂಡಿನ ಬಿಸಿಗಾಳಿ ಹೊರಹೋಗುವ ತಗಡು, ಇವನ್ನು ಒಂದೇ ಕುಟುಂಬವಾಗಿ ಇಟ್ಟುಕೊಳ್ಳಿ. ಅಂದಕ್ಕೆಂದು ನಿಮ್ಮ 1200ರ ಕವಚ ಹಾಕಬೇಡಿ. ಹಳೆಯ ಕೂಲರ್‌ನ ಆಯಿಲ್ ದಾರಿ 8 ಮಿ.ಮೀ., ಹೊಸ ಕೇಸ್‌ನದ್ದು 10. ಮೆಟ್ಟಿಲಿರುವ ಸೀಲ್ ಇಲ್ಲದೆ ಕೂರಿಸಿದರೆ ಎಂಜಿನ್ ಶುರುವಾದ ನಿಮಿಷದಲ್ಲೇ ಆಯಿಲ್ ನೆಲಕ್ಕಿಳಿಯುತ್ತದೆ. ಬಾಡಿಯ ರಬ್ಬರ್‌ಗೆ ತಾಗುವ ಹೊರ ಅಂಚಿನ ತಗಡುಗಳು ಮಾತ್ರ ನಿಮ್ಮ ಕಾರಿನವೇ ಆಗಿರಲಿ ಅಥವಾ ಅದರ ಅಳತೆಗೆ ಕತ್ತರಿಸಿದವಾಗಿರಲಿ. ಹೀಟರ್ ಪೈಪ್ ಜೋಡಿಸುವುದಿಲ್ಲವಾದರೆ ಕವಚದ ಎರಡೂ ಬಾಯಿ ಮುಚ್ಚಿ. 1200ರ ಹೀಟರ್ ಬಾಕ್ಸ್‌ಗಳು ಅಗಲದಲ್ಲಿ ಕಡಿಮೆ, 1600ರದ್ದೇ ಬೇಕು.

ಇಳಿಸುವ ಕೆಲಸ ಚುಟುಕಾಗಿ ಹೇಳುತ್ತೇನೆ. ಬ್ಯಾಟರಿ ತೆಗೆಯಿರಿ, ಆಯಿಲ್ ಖಾಲಿ ಮಾಡಿ, ಡೈನಮೋ, ಕಾಯಿಲ್, ಚೋಕ್, ಆಯಿಲ್ ಪ್ರೆಶರ್ ಸ್ವಿಚ್‌ಗಳ ವೈರ್‌ಗೆ ಚೀಟಿ ಕಟ್ಟಿ ಬಿಡಿಸಿ, ಆಕ್ಸಿಲರೇಟರ್ ತಂತಿ ಬಿಡಿಸಿ, ಹಿಂದಿನ ತಗಡು ತೆಗೆಯಿರಿ. ಕಾರಿನ ಕೆಳಗೆ ಪೆಟ್ರೋಲ್ ಪೈಪ್ ಕಳಚಿ ಬಾಯಿಗೆ ಬಿರಡೆ ಹಾಕಿ, ಹೀಟರ್‌ನ ತಂತಿ ಮತ್ತು ಪೈಪ್ ಬಿಡಿಸಿ. ಎಂಜಿನ್ ಕೆಳಗೆ ಜಾಕ್ ಕೊಟ್ಟ ಮೇಲೆಯೇ ಕೆಳಗಿನ ಎರಡು ನಟ್, ಆಮೇಲೆ ಮೇಲಿನ ಎರಡು. ಬಲಮೇಲಿನ ಬೋಲ್ಟ್ ಸ್ಟಾರ್ಟರ್‌ನ ಮೂಲಕವೇ ಹಾದುಬರುತ್ತದೆ, ಅದಕ್ಕೆ ಒಬ್ಬರು ಕೆಳಗೆ, ಒಬ್ಬರು ಮೇಲೆ ಬೇಕು. ಸುಮಾರು 10 ಸೆಂ.ಮೀ. ನೇರ ಹಿಂದಕ್ಕೆ ಎಳೆದ ಮೇಲೆಯೇ ಕೆಳಗಿಳಿಸಿ. ಹಿಂದಿನ ಏಪ್ರನ್ (ಎಂಜಿನ್ ಮುಚ್ಚಳದ ಕೆಳಗಿನ ಬಾಡಿ ತಗಡು) ನೆಲದಿಂದ ಸುಮಾರು 90 ಸೆಂ.ಮೀ. ಎತ್ತರದಲ್ಲಿದ್ದರೆ ಎಂಜಿನ್ ಅಡಿಯಿಂದ ಹೊರಬರುತ್ತದೆ. ಕಾರು ನಿಲ್ಲಬೇಕಾದ್ದು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ. ಇಟ್ಟಿಗೆ, ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು.

ಏರಿಸುವಾಗ ಒಂದೇ ಎಚ್ಚರ. ಎಂಜಿನ್‌ನ ಭಾರ ಗೇರ್‌ಬಾಕ್ಸ್‌ನ ಶಾಫ್ಟ್ ಮೇಲೆ ಒಂದು ಕ್ಷಣವೂ ನೇತಾಡಬಾರದು. ನೇತಾಡಿದರೆ ಕ್ಲಚ್ ಪ್ಲೇಟ್‌ನ ನಡು ಬಾಗಿ, ಆಮೇಲೆ ಕ್ಲಚ್ ಬಿಡುವಾಗಲೆಲ್ಲ ಕಾರು ನಡುಗುತ್ತದೆ. ಗೇರ್‌ಗೆ ಹಾಕಿಟ್ಟು, ಸಹಾಯಕರು ಪುಲ್ಲಿಯನ್ನು ಆಚೀಚೆ ತಿರುಗಿಸುತ್ತಿದ್ದರೆ ಹಲ್ಲುಗಳು ತಾವಾಗಿ ಸೇರುತ್ತವೆ. ಸಂದು ಕೈಯಿಂದಲೇ ಪೂರ್ತಿ ಮುಚ್ಚಬೇಕು. ಉಳಿದ ಸಂದನ್ನು ನಟ್ ತಿರುಗಿಸಿ ಎಳೆದು ಮುಚ್ಚಿದರೆ ಗೇರ್‌ಬಾಕ್ಸ್‌ನ ಕಿವಿ ಮುರಿಯುತ್ತದೆ. ನಾಲ್ಕೂ ಕಡೆ 30 ನ್ಯೂಟನ್ ಮೀಟರ್ ಸಾಕು. ಕ್ಲಚ್ ಪೆಡಲ್‌ನ ಆಟ 10ರಿಂದ 20 ಮಿ.ಮೀ. ಇರಲಿ. 1964ರ ಮುಚ್ಚಳದ ಅಡಿಯಲ್ಲಿ 34 ಪಿಐಸಿಟಿ ಕಾರ್ಬುರೇಟರ್‌ನ ಏರ್ ಕ್ಲೀನರ್ ತಾಗುತ್ತದೆಯೇ ಎಂದು ಮುಚ್ಚುವ ಮೊದಲೇ ನೋಡಿಕೊಳ್ಳಿ.

ಪೆಟ್ರೋಲ್ ಪೈಪ್ ಎಲ್ಲವನ್ನೂ ಹೊಸದು ಹಾಕಿ, ಪ್ರತಿ ತುದಿಗೂ ಕ್ಲಿಪ್. ಫಿಲ್ಟರ್ ಅನ್ನು ಪಂಪ್ ಮತ್ತು ಕಾರ್ಬುರೇಟರ್ ನಡುವೆ ತೂಗುಬಿಡಬೇಡಿ. ಅದರ ತೂಕಕ್ಕೆ, ನಡುಕಕ್ಕೆ ಕಾರ್ಬುರೇಟರ್‌ನ ಹಿತ್ತಾಳೆ ಮೂತಿ ಕಳಚಿಬಂದು ಪೆಟ್ರೋಲ್ ಡಿಸ್ಟ್ರಿಬ್ಯೂಟರ್ ಮೇಲೆ ಸುರಿಯುತ್ತದೆ. ಬೀಟಲ್‌ಗಳು ಸುಟ್ಟುಹೋಗುವ ದಾರಿ ಇದು. ಫಿಲ್ಟರ್‌ನ ಜಾಗ ಗೇರ್‌ಬಾಕ್ಸ್ ಪಕ್ಕದಲ್ಲಿ, ಕೆಳಗೆ. ಪಂಪ್‌ನ ದೂಡುಗಡ್ಡಿ ಡೈನಮೋ ಎಂಜಿನ್‌ಗೆ 108 ಮಿ.ಮೀ., ಆಲ್ಟರ್ನೇಟರ್ ಎಂಜಿನ್‌ನ ಪಂಪ್‌ಗೆ 100. ಪಂಪ್ ಬದಲಿಸಿದರೆ ಗಡ್ಡಿಯೂ ಅದರ ಜೊತೆಯದೇ ಇರಬೇಕು.

ಮೊದಲ ಸಲ ಶುರುಮಾಡುವ ಮುನ್ನ ಆಯಿಲ್ 2.5 ಲೀಟರ್ ತುಂಬಿ. ಬಿಸಿಯಿಲ್ಲದ ಎಂಜಿನ್‌ನಲ್ಲಿ ಎಲ್ಲ ವಾಲ್ವ್‌ಗೂ ಟ್ಯಾಪೆಟ್ ಸಂದು 0.15 ಮಿ.ಮೀ. ಇಡಿ. ಪಾಯಿಂಟ್ ಸಂದು 0.4. ಫೈರಿಂಗ್ ಆರ್ಡರ್ 1-4-3-2. ಬಲಬದಿಯಲ್ಲಿ ಮುಂದಿನದು 1, ಹಿಂದಿನದು 2, ಎಡಬದಿಯಲ್ಲಿ ಮುಂದಿನದು 3, ಹಿಂದಿನದು 4. ಮುಂದೆ ಎಂದರೆ ಕಾರಿನ ಮೂತಿಯ ಕಡೆ. ಟೈಮಿಂಗ್ ಅನ್ನು ಎಂಜಿನ್ ಅಲ್ಲ, ಡಿಸ್ಟ್ರಿಬ್ಯೂಟರ್ ನಿರ್ಧರಿಸುತ್ತದೆ. ಒಂದೇ ವ್ಯಾಕ್ಯೂಮ್ ಪೈಪ್ ಇರುವುದು ಸಾಮಾನ್ಯವಾಗಿ ಟಿಡಿಸಿಗೆ (ಪಿಸ್ಟನ್ ಹೆಡ್‌ನ ಕಡೆಯ ತುತ್ತತುದಿ ಮುಟ್ಟುವ ಸ್ಥಾನ) 7.5 ಡಿಗ್ರಿ ಮೊದಲು, ಎರಡು ಪೈಪ್ ಇರುವ 1972ರ ಮಾದರಿ 5 ಡಿಗ್ರಿ ನಂತರ. ಇದು ಗೊತ್ತಿಲ್ಲದೆ ಎಲ್ಲಕ್ಕೂ 7.5 ಇಟ್ಟು ಪಿಸ್ಟನ್ ಕರಗಿಸಿಕೊಳ್ಳಬಾರದು.

ಪ್ಲಗ್ ತೆಗೆದು, ಆಯಿಲ್ ದೀಪ ಆರುವವರೆಗೂ ಸ್ಟಾರ್ಟರ್ ತಿರುಗಿಸಿ, ನಡುನಡುವೆ ವಿಶ್ರಾಂತಿ ಕೊಡುತ್ತಾ. ದೀಪ ಆರದಿದ್ದರೆ ಶುರುಮಾಡಬೇಡಿ. ಕ್ಯಾಮ್, ಟ್ಯಾಪೆಟ್ ಹೊಸದು ಹಾಕಿದ್ದರೆ ಶುರುವಾದ ಕ್ಷಣದಿಂದ 20 ನಿಮಿಷ 2000 ಆರ್‌ಪಿಎಂ ಸುತ್ತ ಹಿಡಿಯಿರಿ, ಐಡಲ್‌ಗೆ ಬಿಡಬೇಡಿ. ಇದೆಲ್ಲ ತಗಡು, ಬೆಲ್ಟ್ ಪೂರ್ತಿ ಇದ್ದಾಗ ಮಾತ್ರ. ಬೆಲ್ಟ್ ಹೆಬ್ಬೆರಳಿನ ಒತ್ತಡಕ್ಕೆ 15 ಮಿ.ಮೀ. ಬಗ್ಗಬೇಕು, ಹೆಚ್ಚು ಕಡಿಮೆಯಾದರೆ ಡೈನಮೋ ಪುಲ್ಲಿಯ ನಡುವಿನ ವಾಷರ್‌ಗಳನ್ನು ಒಳಗೆ ಹೊರಗೆ ಮಾಡಿ ಸರಿಪಡಿಸಿ.

ಕಾರು ಓಡಿದ ಮೇಲೆ ಎರಡು ತಕರಾರು ಬರಬಹುದು. ಚಳಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸಿದರೆ, ಮ್ಯಾನಿಫೋಲ್ಡ್ ಬಿಸಿ ಮಾಡುವ ಸಣ್ಣ ಎಕ್ಸಾಸ್ಟ್ ಕೊಳವೆ ಮಸಿಯಿಂದ ಕಟ್ಟಿದೆ. ಎಂಜಿನ್ ಓಡಿ ಹತ್ತು ನಿಮಿಷವಾದರೂ ಅದು ತಣ್ಣಗಿದ್ದರೆ ಅನುಮಾನವೇ ಬೇಡ. ಐಡಲ್ ಏರಿಳಿಯುತ್ತಿದ್ದರೆ ಮ್ಯಾನಿಫೋಲ್ಡ್‌ನ ಎರಡೂ ಬದಿಯ ರಬ್ಬರ್ ಕೊರಳುಗಳಲ್ಲಿ ಗಾಳಿ ಸೋರಿಕೆ ಹುಡುಕಿ.

ಬ್ರೇಕ್ ಬಗ್ಗೆ ನೀವು ಕೇಳಲಿಲ್ಲ, ಆದರೆ 34 ಅಶ್ವಶಕ್ತಿಗೆಂದು ಮಾಡಿದ ಡ್ರಮ್‌ಗಳು ಈಗ 50ನ್ನು ನಿಲ್ಲಿಸಬೇಕು. ಮಾಸ್ಟರ್ ಸಿಲಿಂಡರ್, ಹೋಸ್, ಲೈನಿಂಗ್ ಹೊಸದಾಗದೆ ವೇಗ ಏರಿಸಬೇಡಿ. 500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಆಯಿಲ್ ಜರಡಿ ಬಿಚ್ಚಿ ತೊಳೆಯಿರಿ. ಅದರ ಆರು ಸಣ್ಣ ನಟ್‌ಗೆ 7 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಲ ಬೇಡ, ಸ್ಟಡ್ ಕಿತ್ತುಬರುತ್ತದೆ. ಜರಡಿಯಲ್ಲಿ ಮಿಣುಕುವ ತೆಳುಪುಡಿ ಸಹಜ. ಚೂರುಗಳು ಸಿಕ್ಕರೆ ಬೇರಿಂಗ್ ನೋಡಬೇಕು. ಅದೇ ದಿನ, ಎಂಜಿನ್ ರಾತ್ರಿಯಿಡೀ ತಣಿದ ಮೇಲೆ, ಟ್ಯಾಪೆಟ್ ಸಂದು ಮತ್ತೊಮ್ಮೆ ಅಳೆಯಿರಿ. ಒಂದೇ ಸಿಲಿಂಡರ್‌ನ ಎಕ್ಸಾಸ್ಟ್ ಸಂದು ಕುಗ್ಗಿದ್ದರೆ ಬರೀ ಸರಿಪಡಿಸಿ ಸುಮ್ಮನಾಗದೆ ಇನ್ನೊಂದು 500ಕ್ಕೆ ಮತ್ತೆ ನೋಡಿ. ಆಗಲೂ ಕುಗ್ಗಿದ್ದರೆ ಆ ವಾಲ್ವ್ ಉದ್ದವಾಗುತ್ತಿದೆ, ತಲೆ ಕಳಚಿ ಪಿಸ್ಟನ್ ಮೇಲೆ ಬೀಳುವ ಮೊದಲು ಹೆಡ್ ಇಳಿಸಿ.